ಗಂಜಿ ಮತ್ತು ಸೀರೆ



ಹತ್ತಿ ಸೀರೆ ಒಗೆಯುವ ದಿನ ನಮ್ಮಜ್ಜಿ ಅನ್ನ ಬಸಿದ ಗಂಜಿಯನ್ನು ಯಾರಿಗೂ ಚೆಲ್ಲಲು ಬಿಡುತ್ತಿರಲಿಲ್ಲ. ಅದನ್ನು ಸೋಸಿ, ನೀರು ಬೆರೆಸಿ, ಒಗೆದ ಸೀರೆಯನ್ನು ಅದ್ದಿ ಹಿಂಡಿ ಹಿತ್ತಿಲ ತಂತಿಯ ಮೇಲೆ ಹರವುತ್ತಿದ್ದಳು. ಒಣಗಿದ ಮೇಲೆ ಸೀರೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತಿತ್ತು. ಒಂದು ಮಳೆಯಲ್ಲಿ ನೆನೆದರೆ ಸಾಕು, ಆ ಬಿಗುಮಾನವೆಲ್ಲ ಇಳಿದುಹೋಗುತ್ತಿತ್ತು. ಗಂಜಿ ಹೋಗುತ್ತಿತ್ತು, ಸೀರೆ ಉಳಿಯುತ್ತಿತ್ತು.

ಆ ಗಂಜಿಯೂ ಆ ಸೀರೆಯೂ ಒಂದೇ ವಸ್ತುವಿನಿಂದ ಆದವು ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಎರಡೂ ಗ್ಲೂಕೋಸ್. ಸುಸ್ತಾದವರಿಗೆ ಬಾಟಲಿಯಲ್ಲಿ ಏರಿಸುತ್ತಾರಲ್ಲ, ಅದೇ ಸಕ್ಕರೆ. ಅದರ ಸಾವಿರಾರು ಅಣುಗಳು ಸಾಲಾಗಿ ಕೂಡಿದರೆ ಅಕ್ಕಿಯ ಪಿಷ್ಟ. ಅವೇ ಅಣುಗಳು ಬೇರೊಂದು ರೀತಿಯಲ್ಲಿ ಕೂಡಿದರೆ ಹತ್ತಿಯ ಸೆಲ್ಯುಲೋಸ್. ಅಂದರೆ ಅಜ್ಜಿ ಸಕ್ಕರೆಯ ಮೇಲೆ ಸಕ್ಕರೆ ಬಳಿಯುತ್ತಿದ್ದಳು!

ವ್ಯತ್ಯಾಸ ಇರುವುದು ಪೋಣಿಸುವುದರಲ್ಲಿ. ಹೂ ಪೋಣಿಸುವಾಗ ಎಲ್ಲ ಹೂವಿನ ಮುಖವೂ ಒಂದೇ ಕಡೆಗಿರುವಂತೆ ಪೋಣಿಸಬಹುದು. ಇಲ್ಲವೆ, ಒಂದರ ಮುಖ ಈ ಕಡೆ, ಮುಂದಿನದರ ಮುಖ ಆ ಕಡೆ ಮಾಡಿ ಪೋಣಿಸಬಹುದು. ಮೊದಲ ರೀತಿಯಲ್ಲಿ ಪೋಣಿಸಿದ ಗ್ಲೂಕೋಸಿನ ಮಾಲೆ ಸುರುಳಿ ಸುತ್ತಿಕೊಳ್ಳುತ್ತದೆ, ಬಿಸಿನೀರಿಗೆ ಬಿದ್ದರೆ ಉಬ್ಬಿ ಸಡಿಲವಾಗುತ್ತದೆ. ಅದು ಪಿಷ್ಟ. ಎರಡನೆಯದು ನೆಟ್ಟಗೆ ನಿಲ್ಲುತ್ತದೆ. ಪಕ್ಕದ ಮಾಲೆಗಳನ್ನು ಉದ್ದಕ್ಕೂ ಹಿಡಿದುಕೊಂಡು ನಾರಾಗುತ್ತದೆ. ಅದನ್ನು ಎಷ್ಟು ಕುದಿಸಿದರೂ ಗಂಜಿಯಾಗದು.

ಬತ್ತದ ಗದ್ದೆಯನ್ನೇ ನೋಡಿ. ಒಂದೇ ಗಿಡ. ಕಾಳು ನಮಗೆ, ಹುಲ್ಲು ದನಕ್ಕೆ. ಎರಡರಲ್ಲೂ ದೊಡ್ಡ ಪಾಲು ಅದೇ ಗ್ಲೂಕೋಸ್. ಅನ್ನವನ್ನು ನುಂಗದೆ ಸ್ವಲ್ಪ ಹೊತ್ತು ಅಗಿಯುತ್ತಿದ್ದರೆ ಬಾಯಿ ಸಿಹಿಯಾಗುತ್ತದೆ, ಏಕೆಂದರೆ ಎಂಜಲಿನಲ್ಲಿರುವ ಕಿಣ್ವಕ್ಕೆ ಪಿಷ್ಟದ ಗಂಟು ಬಿಚ್ಚಲು ಬರುತ್ತದೆ. ಹುಲ್ಲಿನ ಗಂಟು ಬಿಚ್ಚುವ ಕಿಣ್ವ ನಮ್ಮಲ್ಲಿಲ್ಲ. ನಿಜ ಹೇಳಬೇಕೆಂದರೆ ದನದಲ್ಲೂ ಇಲ್ಲ. ಅದರ ಹೊಟ್ಟೆಯಲ್ಲಿ ಬಾಡಿಗೆಗಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಹಸು ಗಂಟೆಗಟ್ಟಲೆ ಮೆಲುಕು ಹಾಕುವುದು ಆ ಬಾಡಿಗೆದಾರರಿಗೆ ಹುಲ್ಲನ್ನು ಅರೆದುಕೊಡಲು.

ಕೊಬ್ಬಿನ ಕತೆಯೂ ಹೀಗೆಯೇ. ಡಿಸೆಂಬರ್ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಗಟ್ಟಿಯಾಗಿರುತ್ತದೆ, ಪಕ್ಕದ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಕೊಬ್ಬರಿ ಎಣ್ಣೆಯ ಅಣುಗಳ ಬಾಲಗಳು ನೆಟ್ಟಗಿದ್ದು ಸೌದೆ ಪೇರಿಸಿದ ಹಾಗೆ ಒತ್ತೊತ್ತಾಗಿ ಕೂಡುತ್ತವೆ. ಇನ್ನೊಂದರ ಬಾಲಗಳು ಹೆಚ್ಚಾಗಿ ಸೊಟ್ಟ, ಹಾಗಾಗಿ ಪೇರಿಸಲು ಬರುವುದಿಲ್ಲ.

ಪ್ರೋಟೀನಿಗೆ ಬಂದರೆ ಪೋಣಿಸಲು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿವೆ, ಆದ್ದರಿಂದ ಮಾಲೆಯ ಬಗೆಗಳಿಗೆ ಲೆಕ್ಕವೇ ಇಲ್ಲ. ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಪ್ರೋಟೀನ್ ಕೊಲಾಜೆನ್. ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಎಲ್ಲದರಲ್ಲೂ ಅದಿದೆ. ಅದರ ರಚನೆಯ ಗುಟ್ಟು ಬಿಡಿಸಿದವರಲ್ಲಿ ಮೊದಲಿಗರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರ ಗೋಪಿನಾಥ್ ಕಾರ್ತಾ. 1954ರಲ್ಲಿ, ಎಕ್ಸ್-ಕಿರಣಗಳ ಚಿತ್ರ ನೋಡಿ, ಇದು ಮೂರು ಎಳೆಗಳ ಹೆಣಿಗೆ ಎಂದರು. ಥೇಟ್ ಜಡೆ! ಎಳೆಯ ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಕೂರಬೇಕು, ಬೇರೆಯದಕ್ಕೆ ಅಲ್ಲಿ ಜಾಗ ಸಾಲದು. ಹೆಣಿಗೆ ಬಿಗಿಯಾಗಿ ನಿಲ್ಲಬೇಕಾದರೆ ಸಿ ಜೀವಸತ್ವ ಬೇಕು. ತಿಂಗಳುಗಟ್ಟಲೆ ಹಣ್ಣು ತರಕಾರಿ ಕಾಣದ ಹಳೆಯ ಕಾಲದ ನಾವಿಕರ ಒಸಡಿನಲ್ಲಿ ರಕ್ತ ಜಿನುಗುತ್ತಿದ್ದದ್ದು ಈ ಜಡೆ ಸಡಿಲವಾಗಿ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ನಮ್ಮ ಮಕ್ಕಳಿಗೆ ಅವರ ಹೆಸರು ಇನ್ನಷ್ಟು ಗೊತ್ತಿರಬೇಕಿತ್ತು ಎಂದು ನನಗನ್ನಿಸುತ್ತದೆ.

ಯಾವ ಮಾಲೆಯಲ್ಲಿ ಯಾವುದರ ಮುಂದೆ ಯಾವುದು ಎಂಬ ಪಟ್ಟಿ ಡಿಎನ್‌ಎಯಲ್ಲಿದೆ. ಈ ಡಿಎನ್‌ಎ ಮೊದಲು ಮನುಷ್ಯನ ಕೈಗೆ ಸಿಕ್ಕಿದ್ದು 1869ರಲ್ಲಿ, ಜರ್ಮನಿಯ ಟ್ಯೂಬಿಂಗೆನ್ ಊರಿನಲ್ಲಿ, ಆಸ್ಪತ್ರೆಯ ಗಾಯದ ಬಟ್ಟೆಗಳಿಂದ ತೆಗೆದ ಕೀವಿನಲ್ಲಿ. ಹುಡುಕಿದವನು ಫ್ರೀಡ್ರಿಷ್ ಮೀಷರ್ ಎಂಬ ತರುಣ. ತನಗೇನು ಸಿಕ್ಕಿದೆ ಎಂದು ಅವನಿಗೂ ಪೂರ್ತಿ ತಿಳಿದಿರಲಿಲ್ಲ.

ಇಷ್ಟೆಲ್ಲ ಹೆಣೆದು ಕಟ್ಟಿದ ಮೈ, ಕಟ್ಟಿದ ಮೇಲೆ ಹಾಗೇ ನಿಂತಿರುತ್ತದೆಯೇ? ನಿಂತಿರುತ್ತದೆ ಎಂದೇ ಬಹುಕಾಲ ನಂಬಿದ್ದರು. ದೇಹ ಒಂದು ಎಂಜಿನ್ನು, ಊಟ ಅದಕ್ಕೆ ಹಾಕುವ ಪೆಟ್ರೋಲು ಎಂದು. 1933ರಲ್ಲಿ ಜರ್ಮನಿ ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ರುಡಾಲ್ಫ್ ಶೋನ್‌ಹೈಮರ್, ಕೊಂಚ ಭಾರವಾದ ಸಾರಜನಕದಿಂದ ಗುರುತು ಹಾಕಿದ ಅಮೈನೋ ಆಮ್ಲವನ್ನು ಬೆಳೆದ ಇಲಿಗಳಿಗೆ ತಿನ್ನಿಸಿದ. ಅವುಗಳ ಬೆಳವಣಿಗೆ ಮುಗಿದಿತ್ತು, ತೂಕ ಏರುತ್ತಿರಲಿಲ್ಲ. ಗುರುತಿನ ಸಾರಜನಕವೆಲ್ಲ ಮೂತ್ರದಲ್ಲಿ ಹೊರಬರಬೇಕಿತ್ತು. ಬರಲಿಲ್ಲ. ಅರ್ಧಕ್ಕಿಂತ ಹೆಚ್ಚು ಇಲಿಯ ಮೈಯ ಪ್ರೋಟೀನುಗಳಲ್ಲಿ ಸೇರಿಕೊಂಡು, ಅಷ್ಟೇ ಹಳೆಯದು ಕಳಚಿಕೊಂಡಿತ್ತು. ತೂಕ ಏರಲಿಲ್ಲ, ಇಳಿಯಲಿಲ್ಲ, ಒಳಗೆ ಮಾತ್ರ ಬಿಚ್ಚುವ ಕಟ್ಟುವ ಕೆಲಸ ಒಂದು ಕ್ಷಣವೂ ನಿಂತಿರಲಿಲ್ಲ. ಹಳೇ ತೊಟ್ಟಿಮನೆಯ ಒಂದೊಂದೇ ಹೆಂಚು, ಒಂದೊಂದೇ ತೊಲೆ ಬದಲಾಯಿಸುತ್ತ, ಒಳಗೆ ಸಂಸಾರ ನಡೆಯುತ್ತಲೇ ಇರುವ ಹಾಗೆ. ನಮ್ಮ ಕರುಳಿನ ಒಳಪದರ ಒಂದು ವಾರದೊಳಗೆ ಹೊಸದಾಗುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಈಗ ನೀವು ತಿನ್ನಲಿರುವ ಇಡ್ಲಿಯ ಉದ್ದು ನಾಳೆ ಎಲ್ಲಿ ಹೋಗಿ ಕೂರುತ್ತದೋ!

ಹಾಗಾದರೆ ಹುಟ್ಟಿನಿಂದ ಬಂದದ್ದು ಏನೂ ಉಳಿದಿಲ್ಲವೇ? ಒಂದಿದೆ. ಕಣ್ಣಿನ ಮಸೂರದ ನಟ್ಟನಡುವಿನ ಪ್ರೋಟೀನ್. ಅದನ್ನು ಕಟ್ಟಿದ್ದು ತಾಯಿಯ ಹೊಟ್ಟೆಯಲ್ಲಿದ್ದಾಗ. ಆಮೇಲೆ ಅದರ ರಿಪೇರಿ ಇಲ್ಲ, ಬದಲಾವಣೆ ಇಲ್ಲ. ಅಷ್ಟು ವರ್ಷ ಬೆಳಕು ಕುಡಿದು ಕುಡಿದು ಅದು ಹಳದಿಯಾಗುತ್ತದೆ, ಒಂದಕ್ಕೊಂದು ಮುದ್ದೆಗಟ್ಟಿ ಬೆಳ್ಳಗಾಗುತ್ತದೆ, ಕಾದ ಹೆಂಚಿನ ಮೇಲೆ ಮೊಟ್ಟೆಯ ಲೋಳೆ ಬೆಳ್ಳಗಾದಂತೆ. ಅದನ್ನೇ ಪೊರೆ ಅನ್ನುತ್ತೇವೆ.

ಎಂಬತ್ತು ದಾಟಿದ ಮೇಲೆ ನಮ್ಮಜ್ಜಿ ಪೊರೆ ತೆಗೆಸಿಕೊಂಡಳು. ಪಟ್ಟಿ ಬಿಚ್ಚಿದ ಮಾರನೆಯ ದಿನ ಪೆಟ್ಟಿಗೆಯಿಂದ ಗಂಜಿ ಹಾಕಿದ ಸೀರೆಯೊಂದನ್ನು ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತ ಕೂತಳು. ಆಮೇಲೆ ನನ್ನನ್ನು ಕರೆದು ಕೇಳಿದಳು: "ಇದು ನೀಲಿ ಸೀರೆ ಅಲ್ಲವೇನೋ? ಇಷ್ಟು ದಿನ ಹಸಿರು ಅಂತ ಉಡುತ್ತಿದ್ದೆನಲ್ಲೋ!"