ನಡುವಯಸ್ಸು ದಾಟದ ಗಂಡಸರು: ನೌರು ದ್ವೀಪದ ಲೆಕ್ಕ



ಈ ವರ್ಷ ನೂರು ಗಂಡುಮಕ್ಕಳು ಹುಟ್ಟಿದರು ಎಂದುಕೊಳ್ಳಿ. ಒಂದೊಂದು ವಯಸ್ಸಿನಲ್ಲೂ ಈಗಿರುವ ಸಾವಿನ ಪ್ರಮಾಣವೇ ಮುಂದುವರಿದರೆ, ಅವರಲ್ಲಿ ಎಷ್ಟು ಮಂದಿ 65 ಮುಟ್ಟುತ್ತಾರೆ? ಜನಸಂಖ್ಯಾ ತಜ್ಞರು ಪ್ರತಿಯೊಂದು ದೇಶಕ್ಕೂ ಈ ಲೆಕ್ಕ ಹಾಕುತ್ತಾರೆ. ಎಳೆಯ ಮಕ್ಕಳ ಸಾವು ತಗ್ಗಿದ ಮೇಲೂ ಈ ಸಂಖ್ಯೆ ಮೇಲೇರದಿದ್ದರೆ, ದುಡಿಯುವ ವಯಸ್ಸಿನಲ್ಲೇ ಜನ ತೀರಿಕೊಳ್ಳುತ್ತಿದ್ದಾರೆ ಎಂದು ತಿಳಿಯಬೇಕು.

ಪೆಸಿಫಿಕ್ ಸಾಗರದ ನೌರು ಇದಕ್ಕೊಂದು ನಿದರ್ಶನ. ವಿಸ್ತೀರ್ಣ 21 ಚದರ ಕಿಲೋಮೀಟರ್. ಜನ ಹನ್ನೆರಡು ಸಾವಿರದಷ್ಟು. ಇಷ್ಟು ಸಣ್ಣ ನಾಡಿನಲ್ಲಿ ವರ್ಷಕ್ಕೆ ನಾಲ್ಕೈದು ಸಾವು ಹೆಚ್ಚಾದರೂ ಲೆಕ್ಕ ಏರುಪೇರಾಗುತ್ತದೆ. ಆದ್ದರಿಂದ ಹಲವು ವರ್ಷಗಳ ದಾಖಲೆಗಳನ್ನು ಕೂಡಿಸಿ ನೋಡಬೇಕು.

ಬದುಕುಳಿಯುವ ಲೆಕ್ಕ ಈ ಜನಕ್ಕೆ ಹೊಸದಲ್ಲ. 1920ರ ಇನ್‌ಫ್ಲುಯೆಂಜಾದಲ್ಲಿ ಬಹಳ ಮಂದಿ ಸತ್ತರು. ಕುಲ ಉಳಿಯಬೇಕಾದರೆ ಕನಿಷ್ಠ 1500 ಜನರಾದರೂ ಇರಬೇಕೆಂದು ಆಗ ಅಂದಾಜು ಮಾಡಲಾಯಿತು. 1932ರಲ್ಲಿ ಆ ಸಂಖ್ಯೆ ಮುಟ್ಟಿದ ನೆನಪಿಗೆ ಅಕ್ಟೋಬರ್ 26ರಂದು ಅಂಗಾಮ್ ದಿನ ಆಚರಿಸುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀಯರು ಸುಮಾರು 1200 ಮಂದಿಯನ್ನು ಟ್ರಕ್ ದ್ವೀಪಗಳಿಗೆ ಸಾಗಿಸಿದರು. ಅವರಲ್ಲಿ ನೂರಾರು ಜನ ಮರಳಲೇ ಇಲ್ಲ. 1949ರಲ್ಲಿ ಜನಸಂಖ್ಯೆ ಮತ್ತೆ 1500 ತಲುಪಿತು.

1968ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಫಾಸ್ಫೇಟ್ ಗಣಿಯ ಹಣವೂ ಕೈಸೇರಿತು. ತಲಾ ಆದಾಯದಲ್ಲಿ ನೌರು ಪ್ರಪಂಚದ ಸಿರಿವಂತ ದೇಶಗಳ ಸಾಲಿಗೆ ಬಂತು. ಆದರೆ 1970ರ ದಶಕದ ಕೊನೆಯ ಮರಣ ದಾಖಲೆಗಳ ಪ್ರಕಾರ ಗಂಡಸರ ಸರಾಸರಿ ಆಯುಷ್ಯ ಸುಮಾರು 50. ಹೆಂಗಸರದು ಅದಕ್ಕಿಂತ ಹತ್ತು ವರ್ಷಕ್ಕೂ ಹೆಚ್ಚು. ಗಂಡಸರದು ಇತ್ತೀಚಿನ ಅಂದಾಜುಗಳಲ್ಲೂ 60ರ ಆಸುಪಾಸಿನಲ್ಲಿದೆ.

ಕಾರಣಗಳೇನು? ಗಣಿಗಾರಿಕೆ ದ್ವೀಪದ ನಡುಭಾಗದ ಮಣ್ಣನ್ನು ಬಗೆದು ಹಾಕಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹೊಲಗಳು ಆ ಫಾಸ್ಫೇಟ್ ಗೊಬ್ಬರದಿಂದ ಹಸನಾದವು; ನೌರುವಿನಲ್ಲಿ ಬೆಳೆ ತೆಗೆಯಲು ಹೆಚ್ಚು ನೆಲ ಉಳಿಯಲಿಲ್ಲ. ಮೀನು, ತೆಂಗಿನಕಾಯಿ, ಕೇದಗೆ ಜಾತಿಯ ಹಣ್ಣು ತಿನ್ನುತ್ತಿದ್ದವರು ಹಡಗಿನಲ್ಲಿ ಬಂದ ಅಕ್ಕಿ, ಸಕ್ಕರೆ, ಡಬ್ಬಿ ಮಾಂಸಕ್ಕೆ ಹೊಂದಿಕೊಂಡರು. ಮೈಬಗ್ಗಿಸುವ ಕೆಲಸ ತಗ್ಗಿತು. 1970ರ ದಶಕದ ಮಧ್ಯಭಾಗದ ತಪಾಸಣೆಯಲ್ಲಿ ವಯಸ್ಕರ ಪೈಕಿ ಮೂರರಲ್ಲೊಂದು ಪಾಲು ಜನರಿಗೆ ಸಕ್ಕರೆ ಕಾಯಿಲೆ ಕಂಡುಬಂತು. ಹೃದ್ರೋಗದ ಜೊತೆಗೆ, ದ್ವೀಪ ಸುತ್ತುವ ರಸ್ತೆಯ ಅಪಘಾತಗಳೂ ಗಂಡಸರನ್ನು ಬಲಿ ತೆಗೆದುಕೊಂಡವು.

ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಮೊದಮೊದಲು ನೋವು ಕೊಡುವುದಿಲ್ಲ. ಗಟ್ಟಿಮುಟ್ಟಾಗಿದ್ದೇನೆ ಎಂದುಕೊಂಡ ನಲವತ್ತರ ಗಂಡಸು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮೂತ್ರಪಿಂಡವೋ ಹೃದಯವೋ ಸೋತಿರುತ್ತದೆ. ಆತನನ್ನು ಮೂವತ್ತೈದರಲ್ಲೇ ಪರೀಕ್ಷಿಸಿ ಮಾತ್ರೆ ಕೊಟ್ಟರೆ ಬಹಳಷ್ಟು ಸಾವು ತಪ್ಪುತ್ತದೆ. ಆದರೆ ಹೊಣೆಯನ್ನೆಲ್ಲ ಅವನ ನಾಲಿಗೆಯ ಮೇಲೆ ಹೊರಿಸುವುದು ಅನ್ಯಾಯ. ಬೆಳೆಯುವ ನೆಲವನ್ನು ಕಳೆದುಕೊಂಡ ಜನರಿಗೆ ತಾಜಾ ಆಹಾರ ಕೈಗೆಟಕುವ ಬೆಲೆಗೆ ಸಿಗಬೇಕು. ಅದು ಸಿಗುವಂತೆ ಮಾಡುವ ಋಣ, ಆ ಮಣ್ಣಿನಿಂದ ತಮ್ಮ ಹೊಲ ಹಸನು ಮಾಡಿಕೊಂಡ ದೇಶಗಳ ಮೇಲೂ ಇದೆ.