ಹೊಸ ನಕ್ಷತ್ರ ಹುಟ್ಟದಿದ್ರೂ ಕಬ್ಬಿಣ ತಯಾರಿಸೋ ಗ್ಯಾಲಕ್ಸಿ

ಹೊಸಪೇಟೆಯಿಂದ ಸಂಡೂರಿಗೆ ಬೈಕಲ್ಲಿ ಹೋಗಿದ್ರೆ ನಿಮಗೆ ಗೊತ್ತಿರುತ್ತೆ, ತಲುಪೋ ಹೊತ್ತಿಗೆ ಅಂಗಿ ತುಂಬಾ ಕೆಂಪು ಧೂಳು. ನಮ್ಮಪ್ಪ ಅಲ್ಲಿ ಅದಿರು ಲಾರಿ ಓಡಿಸ್ತಿದ್ರು. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಂತಾಗ ಅವರ ಲಾರಿಯೂ ನಿಂತಿತು. "ಎಲ್ಲ ಮುಗೀತು ಬಿಡು" ಅಂದಿದ್ರು. ಇವತ್ತು ನಾನು ಹೇಳೋ ಗ್ಯಾಲಕ್ಸಿಯನ್ನೂ ಕೆಲವರು ಹಾಗೇ ಸತ್ತ ಗ್ಯಾಲಕ್ಸಿ ಅಂತಾರೆ.

ಅದರ ಹೆಸರು ಎಂ87. ಕನ್ಯಾ ರಾಶಿಯ ದಿಕ್ಕಿನಲ್ಲಿದೆ. 1781ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೇ ಗುರುತಿಸಿದರು. ದೂರ ಸುಮಾರು 5.4 ಕೋಟಿ ಜ್ಯೋತಿರ್ವರ್ಷ. ಅಂದ್ರೆ ಈಗ ನಮ್ಮ ಕಣ್ಣಿಗೆ ಬೀಳೋ ಬೆಳಕು ಅಲ್ಲಿಂದ ಹೊರಟಾಗ ಭೂಮಿ ಮೇಲೆ ಮನುಷ್ಯರಿರಲಿಲ್ಲ. ಹಂಪಿಯ ಬಂಡೆಗಳು ಮಾತ್ರ ಆಗಲೇ 200 ಕೋಟಿ ವರ್ಷಕ್ಕಿಂತ ಹಳೆಯವು!

ನಮ್ಮ ಕ್ಷೀರಪಥಕ್ಕೆ ಸುರುಳಿ ತೋಳುಗಳಿವೆ. ಎಂ87ಕ್ಕೆ ಇಲ್ಲ. ಅದು ದೀರ್ಘವೃತ್ತಾಕಾರದ ಗ್ಯಾಲಕ್ಸಿ, ನೋಡೋಕೆ ಬೆಳಕಿನ ಉಂಡೆ ಥರ. ಅಲ್ಲಿನ ನಕ್ಷತ್ರಗಳು ಬಹುಪಾಲು ಹಳೆಯವು, ಹಳದಿ-ಕೆಂಪು ಬಣ್ಣದವು. ಹೊಸ ನಕ್ಷತ್ರ ಹುಟ್ಟೋಕೆ ತಣ್ಣನೆಯ ಅನಿಲ ಬೇಕು. ಅಲ್ಲಿನ ಅನಿಲವೋ ಕೋಟಿ ಡಿಗ್ರಿಯಷ್ಟು ಬಿಸಿ. ನಡುವೆ ಒಂದು ಕಪ್ಪುಕುಳಿ ಇದೆ, ಸುಮಾರು 650 ಕೋಟಿ ಸೂರ್ಯರಷ್ಟು ತೂಕದ್ದು. 2019ರ ಏಪ್ರಿಲ್ 10ರಂದು ಕಿತ್ತಳೆ ಉಂಗುರದ ಥರದ ಫೋಟೋ ನಿಮ್ಮ ಮೊಬೈಲಿಗೂ ಬಂದಿತ್ತಲ್ಲ, ಅದೇ ಇದು. ಅದರ ಹತ್ತಿರದಿಂದ ಚಿಮ್ಮೋ ಜೆಟ್ ಸುತ್ತಲಿನ ಅನಿಲವನ್ನು ತಣ್ಣಗಾಗೋಕೆ ಬಿಡಲ್ಲ.

ಹಾಗಂತ ಅಲ್ಲಿ ಕೆಲಸ ನಿಂತಿಲ್ಲ. ಶ್ವೇತ ಕುಬ್ಜ ಅನ್ನೋ ಮುದಿ ನಕ್ಷತ್ರಗಳು ಆಗಾಗ ಸ್ಫೋಟಿಸುತ್ತವೆ. ಅಂಥ ಒಂದೊಂದು ಸ್ಫೋಟದಲ್ಲಿ ಸೂರ್ಯನ ತೂಕದ ಸುಮಾರು ಅರ್ಧದಷ್ಟು ಕಬ್ಬಿಣ ತಯಾರಾಗುತ್ತೆ. ಎಂ87ರ ಬಿಸಿ ಅನಿಲದಲ್ಲಿ ಕಬ್ಬಿಣ ಇರೋದನ್ನು ಎಕ್ಸ್-ರೇ ದೂರದರ್ಶಕಗಳು ಪತ್ತೆ ಮಾಡಿವೆ. ಸಂಡೂರಿನ ಕಬ್ಬಿಣವೂ ಹೀಗೇ, ಸೂರ್ಯ ಹುಟ್ಟೋಕೂ ಮುಂಚೆ ನಮ್ಮ ಕ್ಷೀರಪಥದಲ್ಲಿ ಸಿಡಿದ ನಕ್ಷತ್ರಗಳಿಂದ ಬಂದದ್ದು.

ಅಪ್ಪ ಈಗ ಕಂಪ್ಲಿ ಕಡೆ ಭತ್ತದ ಲೋಡ್ ಹೊಡೀತಾರೆ. ಏಪ್ರಿಲ್‌ನ ಒಂದು ಅಮಾವಾಸ್ಯೆ ರಾತ್ರಿ, ದೀಪಗಳಿಲ್ಲದ ಗದ್ದೆ ಬದುವಿನ ಮೇಲೆ ಗೆಳೆಯನ ಸಣ್ಣ ಟೆಲಿಸ್ಕೋಪ್ ಇಟ್ಟು ಅವರಿಗೆ ಎಂ87 ತೋರಿಸಿದೆ.

"ಮಂಜು ಇದ್ದಂಗೈತಲ್ಲೋ" ಅಂದ್ರು.

ಕಬ್ಬಿಣದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ಅಷ್ಟು ವರ್ಷ ಹೊಡೆದಿದ್ದು ನಕ್ಷತ್ರದ ಲೋಡು" ಅಂತ ನಕ್ಕರು.

ಏಪ್ರಿಲ್-ಮೇ ತಿಂಗಳಲ್ಲಿ ನೀವೂ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.