ಚಿಕಿತ್ಸೆಯ ಗುರಿ ಯಾರದು?



ನಾನು ಆಕ್ಯುಪೇಶನಲ್ ಥೆರಪಿಸ್ಟ್. ಉಣ್ಣುವುದು, ತಲೆ ಬಾಚಿಕೊಳ್ಳುವುದು, ಸೀರೆ ಉಡುವುದು, ದುಡಿಯುವುದು – ಕಾಯಿಲೆಯೋ ಗಾಯವೋ ಕಿತ್ತುಕೊಂಡ ಇಂಥ ದಿನನಿತ್ಯದ ಕೆಲಸಗಳನ್ನು ರೋಗಿ ಮತ್ತೆ ತಾನೇ ಮಾಡಿಕೊಳ್ಳುವಂತೆ ಮಾಡುವುದು ನಮ್ಮ ಕೆಲಸ. ನಮ್ಮ ದೇಶದಲ್ಲಿ ಇದರ ಶಿಕ್ಷಣವನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದವರೂ ಒಬ್ಬ ಮಹಿಳೆಯೇ, ಕಮಲಾ ನಿಂಬಕರ್.

ಸುಟ್ಟಗಾಯಗಳ ವಾರ್ಡಿನಲ್ಲಿ ನಾವು ಕಲಿಯುವ ಮೊದಲ ಪಾಠ, ರೋಗಿಗೆ ಹಿತವೆನಿಸುವ ಭಂಗಿಯೇ ಅವಳನ್ನು ಊನ ಮಾಡುವ ಭಂಗಿ ಎಂಬುದು. ನೋವಿಗೆ ಹೆದರಿ ಮೊಣಕೈ ಮಡಚಿ, ಗದ್ದವನ್ನು ಎದೆಗೆ ಆನಿಸಿ ಮಲಗಿದರೆ ಚರ್ಮ ಹಾಗೆಯೇ ಬಿಗಿದುಕೊಳ್ಳುತ್ತದೆ. ಅದಕ್ಕೇ ಸ್ಪ್ಲಿಂಟ್ ಕಟ್ಟುತ್ತೇವೆ, ನೋವಾದರೂ ಕೀಲುಗಳನ್ನು ಆಡಿಸುತ್ತೇವೆ. ಗಾಯ ಮಾಗಿದ ಮೇಲೆ ಬಿಗಿ ಉಡುಪನ್ನು ದಿನಕ್ಕೆ ಸುಮಾರು 23 ಗಂಟೆ, ತಿಂಗಳುಗಟ್ಟಲೆ ತೊಡಬೇಕು. ಇಷ್ಟಕ್ಕೆಲ್ಲ ಅವಳು ಒಪ್ಪಬೇಕಾದರೆ ನಮ್ಮನ್ನು ನಂಬಬೇಕು. ವೃತ್ತಿಧರ್ಮದ ಪ್ರಶ್ನೆ ಹುಟ್ಟುವುದು ಇಲ್ಲಿ.

ಮಂಚದ ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. "ಸ್ಟೌ ಸಿಡೀತು" ಎನ್ನುವವರು ಅವರೇ. "ಅಡಿಗೆ ಮಾಡೋ ಹಾಗಾದ್ರೆ ಸಾಕು ಮೇಡಂ, ಕರ್ಕೊಂಡು ಹೋಗ್ತೀವಿ" ಎನ್ನುವವರೂ ಅವರೇ. ನಮ್ಮ ಕಾಗದದಲ್ಲಿ 'ಚಿಕಿತ್ಸೆಯ ಗುರಿ' ಎಂಬಲ್ಲಿ 'ಅಡಿಗೆ' ಎಂದು ಬರೆದು ಮುಗಿಸುವುದು ಸುಲಭ. ಆದರೆ ಆ ಗುರಿ ಯಾರದು? ಅಂಥ ಒಬ್ಬಳನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಿದಾಗ ಅವಳು ಅಡಿಗೆಯ ಮಾತೇ ಎತ್ತಲಿಲ್ಲ. "ನಂಗೆ ಸಹಿ ಮಾಡೋಕೆ ಬರ್ಬೇಕು. ಕತ್ತರಿ ಹಿಡಿಯೋಕೆ ಬರ್ಬೇಕು, ಹೊಲಿಗೆ ಗೊತ್ತು ನಂಗೆ" ಎಂದಳು. ಮಾರನೆಯ ದಿನದಿಂದ ನಾವು ಪೆನ್ನು, ಕತ್ತರಿಗಳಿಂದಲೇ ಶುರುಮಾಡಿದೆವು.

ಆದ್ದರಿಂದ ನನ್ನ ವೃತ್ತಿಯವರಿಗೆ ನಾನು ಹೇಳುವುದಿಷ್ಟು. ಅವಳನ್ನು ಒಬ್ಬಳನ್ನೇ ಮಾತಾಡಿಸಿ. ಗಂಡನ ಮನೆಯವರನ್ನು ದುಭಾಷಿ ಮಾಡಿಕೊಳ್ಳಬೇಡಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ. ಅತ್ತೆ ಹೇಳಿದ್ದಾದರೆ 'ಅತ್ತೆಯ ಹೇಳಿಕೆ' ಎಂದೇ ಬರೆಯಿರಿ. ಅವಳ ಗುಟ್ಟನ್ನು ಅವಳ ಮನೆಯವರಿಂದಲೂ ಕಾಪಾಡಿ.

ಗುಟ್ಟು ಕಾಪಾಡುವುದೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಕಲಮಿನ ಪ್ರಕಾರ ದೌರ್ಜನ್ಯ ನಡೆದಿದೆ, ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ದಾವೆ ಹೂಡುವಂತಿಲ್ಲ. ಇದನ್ನು ಮೊದಲು ಅವಳಿಗೆ ವಿವರಿಸಿ. "ಬಾಯಿಬಿಟ್ಟರೆ ಮಕ್ಕಳು ಸಿಗುವುದಿಲ್ಲ" ಎಂಬ ಅವಳ ಭಯ ಸುಳ್ಳಲ್ಲ. ಅವಳನ್ನು ಬಿಟ್ಟು ನಾವೇ ತೀರ್ಮಾನ ಮಾಡಿದರೆ, ಅವಳ ಪರವಾಗಿ ಮಾತಾಡುವ ಇನ್ನೊಬ್ಬ ಯಜಮಾನರಾಗುತ್ತೇವೆ ಅಷ್ಟೆ.

ಮನೆಗೆ ಕಳಿಸುವ ಮುನ್ನ ನಾವು ಒಲೆ ಎಷ್ಟು ಎತ್ತರ, ನೀರು ಎಷ್ಟು ದೂರ ಎಂದೆಲ್ಲ ಕೇಳುತ್ತೇವೆ. ಆ ಮನೆಯಲ್ಲಿ ಜೀವಕ್ಕೆ ಭಯವಿದೆಯೇ ಎಂದು ಕೇಳದಿದ್ದರೆ ನಾವು ನೆಟ್ಟಗೆ ಮಾಡಿದ ಕೈಯನ್ನು ಅದೇ ಬೆಂಕಿಗೆ ಒಪ್ಪಿಸಿದಂತೆ.

ನಿಮ್ಮಲ್ಲಿ ನನ್ನ ಕೋರಿಕೆಯೂ ಒಂದಿದೆ. ನೀವು ಠಾಣೆಗೆ, ಕೋರ್ಟಿಗೆ ಬರುತ್ತೀರಿ. ಬದುಕಿ ಉಳಿದವಳು ವಾರ್ಡಿನಲ್ಲಿರುವಾಗಲೇ ಬನ್ನಿ. ಇರಲು ಒಂದು ಸೂರು, ಮಾಡಲು ಒಂದು ಕೆಲಸ ಇದೆಯೆಂದು ಗೊತ್ತಾದವಳು ಸ್ಪ್ಲಿಂಟನ್ನು ಬಿಚ್ಚಿ ಎಸೆಯುವುದಿಲ್ಲ.